ವಿಜ್ಞಾನಿಗಳ ನೆನಪನ್ನು ಧ್ವನಿಮುದ್ರಿಸಿ ಉಳಿಸುವ ಬಗೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಆಸಕ್ತರಿಗೆ

ವಿಜಯಪುರದ ಒಣಬೇಸಾಯ ಸಂಶೋಧನಾ ಕೇಂದ್ರ ಆರಂಭವಾದದ್ದು 1930ರ ದಶಕದ ಮೊದಲ ಭಾಗದಲ್ಲಿ. ಮಳೆಯನ್ನೇ ನಂಬಿದ ಬೇಸಾಯದ ಅಧ್ಯಯನಕ್ಕೆಂದು ಆಗ ದೇಶದ ಐದು ಕಡೆ, ಅಂದರೆ ಸೊಲ್ಲಾಪುರ, ವಿಜಯಪುರ, ರಾಯಚೂರು, ಬಳ್ಳಾರಿ ಬಳಿಯ ಹಗರಿ ಮತ್ತು ಪಂಜಾಬ್ ಪ್ರಾಂತದ ರೋಹ್ತಕ್‌ನಲ್ಲಿ, ಇಂತಹ ಕೇಂದ್ರಗಳನ್ನು ತೆರೆಯಲಾಯಿತು. ಎರೆಭೂಮಿಯಲ್ಲಿ ಹಿಂಗಾರಿ ಜೋಳಕ್ಕೆ ತೇವ ಹಿಡಿದಿಡುವ ಚೌಕುಮಡಿಯಂತಹ ಪದ್ಧತಿಗಳ ಬಗ್ಗೆ ಅಲ್ಲಿ ನಡೆದ ಕೆಲಸದ ಫಲಿತಾಂಶಗಳು ವರದಿಗಳಲ್ಲಿ ಕೋಷ್ಟಕಗಳಾಗಿ ಸಿಗುತ್ತವೆ. ಯಾವ ಪ್ರಯೋಗವನ್ನು ನಡುವೆಯೇ ಕೈಬಿಡಲಾಯಿತು, ಹೊಲದ ರೈತ ಏನು ಹೇಳಿ ವಿಜ್ಞಾನಿಯ ಮನಸ್ಸು ಬದಲಿಸಿದ, 1972ರ ಬರದಲ್ಲಿ ಬಿತ್ತನೆ ಬೀಜವನ್ನು ಯಾರು ಹೇಗೆ ಕಾಪಾಡಿದರು ಎಂಬುದನ್ನು ಮಾತ್ರ ವರದಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಅದು ಉಳಿದಿದ್ದರೆ ಆ ಕೆಲಸ ಮಾಡಿದವರ ನೆನಪಿನಲ್ಲಿ ಉಳಿದಿದೆ, ಮತ್ತು ಅವರು ಹೇಳಿದರೆ ಮಾತ್ರ ನಮಗೆ ಸಿಗುತ್ತದೆ.

ಇಂತಹ ನೆನಪುಗಳನ್ನು ಕ್ರಮಬದ್ಧವಾದ ಸಂದರ್ಶನದ ಮೂಲಕ ಧ್ವನಿಮುದ್ರಿಸಿ, ಬರಹಕ್ಕಿಳಿಸಿ, ಮುಂದಿನವರ ಬಳಕೆಗೆ ಇಡುವ ಕೆಲಸಕ್ಕೆ ಮೌಖಿಕ ಇತಿಹಾಸ ಎಂಬ ಹೆಸರಿದೆ. ಭೌತವಿಜ್ಞಾನದಲ್ಲಿ ಇದರ ದೊಡ್ಡ ಪ್ರಯತ್ನ 1960ರ ದಶಕದ ಆರಂಭದಲ್ಲಿ ನಡೆಯಿತು. ವಿಜ್ಞಾನದ ಇತಿಹಾಸಕಾರ ಥಾಮಸ್ ಕೂನ್ ಅವರ ನೇತೃತ್ವದ ತಂಡವೊಂದು ಕ್ವಾಂಟಂ ಸಿದ್ಧಾಂತವನ್ನು ಕಟ್ಟಿದ ಪೀಳಿಗೆಯ ಭೌತವಿಜ್ಞಾನಿಗಳನ್ನು ಹುಡುಕಿಕೊಂಡು ಹೋಗಿ ಟೇಪ್‌ನಲ್ಲಿ ಅವರ ಮಾತನ್ನು ದಾಖಲಿಸಿತು. ಅದರ ಭಾಗವಾಗಿ ನೀಲ್ಸ್ ಬೋರ್ ಅವರೊಡನೆ ಕೊನೆಯ ಸುತ್ತಿನ ಮಾತುಕತೆ ನಡೆದದ್ದು 1962ರ ನವೆಂಬರ್ 17ರಂದು. ಮರುದಿನ ಬೋರ್ ತೀರಿಕೊಂಡರು. ಕೇಳಬೇಕೆಂದು ಬರೆದಿಟ್ಟುಕೊಂಡಿದ್ದ ಪ್ರಶ್ನೆಗಳು ಹಾಗೆಯೇ ಉಳಿದವು. ಇಂದು ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್‌ನ ಸಂಗ್ರಹದಲ್ಲಿ ಇಂತಹ ಸಂದರ್ಶನಗಳು ಅಪಾರ ಸಂಖ್ಯೆಯಲ್ಲಿವೆ. ಬ್ರಿಟಿಷ್ ಲೈಬ್ರರಿ 2009ರಿಂದ ಬ್ರಿಟನ್ನಿನ ವಿಜ್ಞಾನದ ಮೌಖಿಕ ಇತಿಹಾಸವನ್ನು ಸಂಗ್ರಹಿಸಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವು, ಅಂದರೆ ಎನ್‌ಸಿಬಿಎಸ್, 2019ರಲ್ಲಿ ತನ್ನ ದಾಖಲಾಗಾರವನ್ನು ಸಾರ್ವಜನಿಕರಿಗೆ ತೆರೆದಿದೆ. ನಮ್ಮ ಮೂರು ಜಿಲ್ಲೆಗಳಲ್ಲಿ ಇಂತಹ ಕೆಲಸವನ್ನು ಕಾಲೇಜಿನ ಒಂದು ವಿಭಾಗ, ಗ್ರಂಥಪಾಲಕರು, ಅಥವಾ ಆಸಕ್ತ ಸ್ನೇಹಿತರಿಬ್ಬರು ಮೂವರು ಸೇರಿ ಮಾಡಬಹುದು. ಅದಕ್ಕೆ ಬೇಕಾದ ಹಣ ಕಡಿಮೆ. ಬೇಕಾದ ಓದು ಹೆಚ್ಚು.

ಯಾರನ್ನು ಮಾತನಾಡಿಸಬೇಕು

ಪಟ್ಟಿ ಮಾಡಲು ಕುಳಿತ ಕೂಡಲೇ ನಮ್ಮ ಕೈ ಪ್ರಶಸ್ತಿ ಪಡೆದವರ, ಕುಲಪತಿಗಳಾದವರ ಹೆಸರಿನತ್ತ ಹೋಗುತ್ತದೆ. ಅವರನ್ನು ಬಿಡಬೇಕಾಗಿಲ್ಲ; ಆದರೆ ಅವರ ಬದುಕಿನ ಬಗ್ಗೆ ಒಂದೆರಡು ಅಭಿನಂದನ ಗ್ರಂಥಗಳಾದರೂ ಬಂದಿರುತ್ತವೆ, ಅವರ ಪತ್ರವ್ಯವಹಾರ ಕಚೇರಿಯ ಕಡತಗಳಲ್ಲಿ ಇರುತ್ತದೆ. ಯಾವ ಕಾಗದದಲ್ಲೂ ಹೆಸರು ಬಾರದವರನ್ನು ಪಟ್ಟಿಯ ಮೇಲ್ಭಾಗದಲ್ಲಿ ಬರೆಯಬೇಕೆಂಬುದು ನನ್ನ ಅಭಿಪ್ರಾಯ.

ಬೆಳಗಾವಿಯ ಟಿಳಕವಾಡಿಯ ವ್ಯಾಕ್ಸಿನ್ ಡಿಪೋವನ್ನು ಈಗಿನವರು ಬೆಳಗಿನ ನಡಿಗೆಯ ಮೈದಾನವೆಂದು ಬಲ್ಲರು. ಅಲ್ಲಿನ ಸಂಸ್ಥೆ ಒಂದು ಕಾಲದಲ್ಲಿ ಸಿಡುಬಿನ ಲಸಿಕೆ ತಯಾರಿಸುತ್ತಿತ್ತು. ಸಿಡುಬು ನಿರ್ಮೂಲನಕ್ಕಾಗಿ ಬಿಸಿಲಿಗೂ ಕೆಡದಂತಹ, ಹೆಪ್ಪುಗಟ್ಟಿಸಿ ಒಣಗಿಸಿದ ಲಸಿಕೆಯನ್ನು ದೇಶದಲ್ಲಿ ತಯಾರಿಸಿದ ಕೆಲವೇ ಸಂಸ್ಥೆಗಳಲ್ಲಿ, ಹೈದರಾಬಾದ್, ಮದರಾಸಿನ ಗಿಂಡಿ ಮತ್ತು ಉತ್ತರದ ಪಟವಾಡಂಗರ್ ಜೊತೆಗೆ ಬೆಳಗಾವಿಯೂ ಒಂದು. 1975ರ ನಂತರ ಭಾರತದಲ್ಲಿ ಸಿಡುಬು ಕಾಣಿಸಿಕೊಳ್ಳಲಿಲ್ಲ. 1977ರಲ್ಲಿ ದೇಶ ಸಿಡುಬುಮುಕ್ತವೆಂದು ದೃಢಪಟ್ಟಿತು. ಆಗ ಇಪ್ಪತ್ತೈದರ ಹರೆಯದಲ್ಲಿದ್ದ ನೌಕರರೂ ಈಗ ಎಪ್ಪತ್ತು ದಾಟಿರುತ್ತಾರೆ. ಪ್ರಾಣಿಗಳ ಚರ್ಮದ ಮೇಲೆ ವೈರಾಣು ಬೆಳೆಸಿ ಅದರಿಂದ ಲಸಿಕೆ ತೆಗೆಯುವ ಕೆಲಸದಲ್ಲಿ ವೈದ್ಯರಷ್ಟೇ ಅಲ್ಲದೆ ಪ್ರಾಣಿಗಳನ್ನು ನೋಡಿಕೊಳ್ಳುವವರು, ಸೀಸೆ ತುಂಬುವವರು, ಲೆಕ್ಕ ಬರೆಯುವವರು ಎಲ್ಲರೂ ಇರುತ್ತಿದ್ದರು. ಅಂಥವರು ನಿಮ್ಮ ಗಲ್ಲಿಯಲ್ಲೋ ನೆಂಟರ ಮನೆಯಲ್ಲೋ ಇದ್ದರೆ ಈ ಬರಹವನ್ನು ಅರ್ಧಕ್ಕೇ ಬಿಟ್ಟು ಮೊದಲು ಅವರಿಗೆ ಫೋನು ಮಾಡುವುದು ಮೇಲು.

ಇನ್ನೊಂದು ಉದಾಹರಣೆ ಇತ್ತೀಚಿನದು. ಹೆರಿಗೆಯ ನಂತರದ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ತಡೆಯಬಹುದೇ ಎಂಬ ಪರೀಕ್ಷೆಯೊಂದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ ನಡೆಯಿತು. 1,620 ಮಹಿಳೆಯರು ಅದರಲ್ಲಿ ಭಾಗವಹಿಸಿದರು. ಮಾತ್ರೆ ಕೊಟ್ಟವರು ತಜ್ಞವೈದ್ಯರಲ್ಲ, ಹಳ್ಳಿಯ ಕಿರಿಯ ಆರೋಗ್ಯ ಸಹಾಯಕಿಯರು. ಇಂತಹ ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತೆಂದು 2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳದೆ ಅಳೆದೇ ನೋಡಲು, ತಾಯಿಯ ಕೆಳಗೆ ಹಾಸಿ ಅಳತೆ ಗೆರೆಗಳಿರುವ ಚೀಲದಲ್ಲಿ ರಕ್ತ ಸಂಗ್ರಹಿಸುವ ಪ್ಲಾಸ್ಟಿಕ್ ಹಾಸನ್ನು ಅಲ್ಲಿ ಬಳಸಲಾಯಿತು. ಸಂಖ್ಯೆಗಳೆಲ್ಲ ಪ್ರಬಂಧದಲ್ಲಿವೆ. ನಡುರಾತ್ರಿ ಲಾಟೀನಿನ ಬೆಳಕಿನಲ್ಲಿ ಆ ಗೆರೆ ಓದುವುದು ಸಾಧ್ಯವಾಗುತ್ತಿತ್ತೇ, ಮನೆಯ ಹಿರಿಯ ಹೆಂಗಸರು ಆ ಹಾಸನ್ನು ನೋಡಿ ಏನೆಂದರು, ಯಾವ ಮಾತ್ರೆ ನಿಜವಾದದ್ದು, ಹೋಲಿಕೆಗೆಂದು ಕೊಟ್ಟ ಔಷಧವಿಲ್ಲದ ಮಾತ್ರೆ ಯಾವುದು ಎಂದು ತಿಳಿಯದ ಸ್ಥಿತಿಯನ್ನು ಸಿಸ್ಟರ್ ಹೇಗೆ ನಿಭಾಯಿಸಿದರು ಎಂಬುದನ್ನು ಅವರನ್ನೇ ಕೇಳಬೇಕು. ವಿಜ್ಞಾನದ ಇತಿಹಾಸ ಬರೆಯುವವನಿಗೆ ಮುಂದೊಂದು ದಿನ ಬೇಕಾಗುವುದು ಇಂತಹ ಉತ್ತರಗಳು.

ಪಟ್ಟಿಯಲ್ಲಿ ಆದ್ಯತೆ ಗೊತ್ತುಮಾಡುವಾಗ ವಯಸ್ಸು ಮತ್ತು ಆರೋಗ್ಯವನ್ನು ಮೊದಲು ನೋಡಿ, ಪದವಿಯನ್ನು ಕೊನೆಗೆ ನೋಡಿ. ಒಂದೇ ಪ್ರಯೋಗದ ಬಗ್ಗೆ ಮೂರು ಸ್ಥಾನಗಳಲ್ಲಿದ್ದ ಮೂವರನ್ನು ಮಾತನಾಡಿಸುವುದು, ಮೂರು ಬೇರೆ ಬೇರೆ ಸಂಸ್ಥೆಗಳ ಮುಖ್ಯಸ್ಥರನ್ನು ಮಾತನಾಡಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಮೊದಲು ಓದು, ಆಮೇಲೆ ರೆಕಾರ್ಡರ್

ಸಂದರ್ಶನದ ಯೋಗ್ಯತೆ ಬಹುಮಟ್ಟಿಗೆ ರೆಕಾರ್ಡರ್ ಚಾಲೂ ಮಾಡುವ ಮೊದಲೇ ನಿರ್ಧಾರವಾಗಿರುತ್ತದೆ. ಕಾಗದದಲ್ಲಿ ಇಲ್ಲದ್ದನ್ನು ಕೇಳಬೇಕಾದರೆ ಕಾಗದದಲ್ಲಿ ಏನಿದೆ ಎಂಬುದು ಗೊತ್ತಿರಬೇಕು. ಆದ್ದರಿಂದ ವಿಜ್ಞಾನಿಯ ಮುಖ್ಯ ಪ್ರಬಂಧಗಳು, ಪಿಎಚ್‌ಡಿ ಮಹಾಪ್ರಬಂಧ, ಅವರು ಕೆಲಸ ಮಾಡಿದ ಕೇಂದ್ರದ ಆ ಕಾಲದ ವಾರ್ಷಿಕ ವರದಿ, ಸೇವಾ ವಿವರ ಇವನ್ನು ಸಂಗ್ರಹಿಸಿ ಓದಿ, ಒಂದು ಹಾಳೆಯಲ್ಲಿ ವರ್ಷವಾರು ಘಟನೆಗಳ ಪಟ್ಟಿ ಮಾಡಿಕೊಳ್ಳಿ. ಗಣಿತ ಅರ್ಥವಾಗದಿದ್ದರೂ ಪ್ರಬಂಧದ ಪೀಠಿಕೆ, ಕೃತಜ್ಞತೆಯ ಸಾಲುಗಳು ಮತ್ತು ವಿಧಾನದ ಭಾಗವನ್ನು ಓದಲೇಬೇಕು. ಕೃತಜ್ಞತೆಯ ಸಾಲಿನಲ್ಲಿ ಒಮ್ಮೆ ಬಂದು ಮತ್ತೆಲ್ಲೂ ಬಾರದ ಹೆಸರು ನಿಮ್ಮ ಒಳ್ಳೆಯ ಪ್ರಶ್ನೆಗಳಲ್ಲಿ ಒಂದಾಗುತ್ತದೆ.

ಈ ಭಾಗದಲ್ಲಿ ದಾಖಲೆ ಹುಡುಕುವವರಿಗೆ ಒಂದು ತೊಡಕಿದೆ. 1956ರವರೆಗೆ ಈ ಮೂರೂ ಜಿಲ್ಲೆಗಳ ಬಹುಭಾಗ ಮುಂಬಯಿ ಆಡಳಿತದಲ್ಲಿತ್ತು. ವಿಜಯಪುರದ ಸಂಶೋಧನಾ ಕೇಂದ್ರವನ್ನೇ ತೆಗೆದುಕೊಂಡರೆ, ಅದು ಮುಂಬಯಿ ಆಡಳಿತದಿಂದ ಮೈಸೂರು ರಾಜ್ಯಕ್ಕೆ, ಅಲ್ಲಿಂದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ, 1986ರಲ್ಲಿ ಸ್ಥಾಪನೆಯಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಹೀಗೆ ಕೈ ಬದಲಾಯಿಸುತ್ತ ಬಂದಿದೆ. ಗೋಕಾಕ ತಾಲ್ಲೂಕಿನ ಅರಭಾವಿಯ ತೋಟಗಾರಿಕೆ ಕಾಲೇಜು ಮೊದಲು ಧಾರವಾಡದ ಅಧೀನದಲ್ಲಿತ್ತು, 2008ರಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದಕ್ಕೆ ಸೇರಿತು. ಬಾಗಲಕೋಟೆ ಜಿಲ್ಲೆಯೇ 1997ರವರೆಗೆ ವಿಜಯಪುರದ ಭಾಗವಾಗಿತ್ತು. ಹೀಗಾಗಿ ಒಬ್ಬರ ವೃತ್ತಿಜೀವನದ ಕಾಗದಗಳು ನಾಲ್ಕಾರು ಊರುಗಳಲ್ಲಿ ಹರಡಿರುತ್ತವೆ, ಮತ್ತು ಹಲವು ಬಾರಿ ಯಾವುದು ಎಲ್ಲಿದೆ ಎಂದು ಬಲ್ಲವರು ಆ ನಿವೃತ್ತರು ಮಾತ್ರ. ಮೊದಲ ಭೇಟಿಯಲ್ಲಿ ಅದನ್ನೇ ಕೇಳಿ ತಿಳಿದುಕೊಳ್ಳಬಹುದು.

ಮೊದಲ ಭೇಟಿಗೆ ರೆಕಾರ್ಡರ್ ಒಯ್ಯಬಾರದು. ಪರಿಚಯ ಹೇಳಿಕೊಂಡು, ಏಕೆ ಬಂದಿದ್ದೀರಿ, ಮಾತು ಎಲ್ಲಿ ಉಳಿಯುತ್ತದೆ, ಯಾರು ಕೇಳುತ್ತಾರೆ ಎಂಬುದನ್ನು ವಿವರಿಸಿ, ಹಳೆಯ ಫೋಟೊ, ಡೈರಿ, ಹೊಲದ ನೋಟ್‌ಬುಕ್, ಪತ್ರಗಳಿದ್ದರೆ ತೆಗೆದಿಡುವಂತೆ ಕೋರಿ ಬರಬೇಕು. ನೋಟ್‌ಬುಕ್ಕಿನ ಬಗ್ಗೆ ವಿಶೇಷವಾಗಿ ಹೇಳಬೇಕಾದ ಕಾರಣವಿದೆ. ವಿಜ್ಞಾನದ ಇತಿಹಾಸಕಾರ ಚಾರ್ಲ್ಸ್ ವೀನರ್ ಅವರು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರನ್ನು ಸಂದರ್ಶಿಸುವಾಗ ಅವರ ಟಿಪ್ಪಣಿಗಳನ್ನು ಕೆಲಸದ ದಾಖಲೆ ಎಂದು ಕರೆದರು. ಫೈನ್‌ಮನ್ ಅದನ್ನು ಒಪ್ಪದೆ, ಅವು ದಾಖಲೆಯಲ್ಲ, ಕೆಲಸ ನಡೆದದ್ದೇ ಆ ಕಾಗದದ ಮೇಲೆ ಎಂದು ತಿದ್ದಿದರು. ಆ ಒಂದು ತಿದ್ದುಪಡಿಯಿಂದ ಅವರು ಯೋಚಿಸುತ್ತಿದ್ದ ರೀತಿಯೇ ಬೆಳಕಿಗೆ ಬಂತು. ಸಂದರ್ಶಕ ಆ ಹಾಳೆಗಳನ್ನು ಮುಂದಿಟ್ಟುಕೊಂಡು ಮಾತನಾಡದಿದ್ದರೆ ಇದು ಹೊರಡುತ್ತಿರಲಿಲ್ಲ.

ಸಂದರ್ಶಕ ಯಾರಾಗಿರಬೇಕು ಎಂಬ ಬಗ್ಗೆ ಎರಡು ಮಾತು. ಸ್ವಂತ ಶಿಷ್ಯರು ಗುರುಗಳನ್ನು ಸಂದರ್ಶಿಸಿದರೆ ವಿಷಯಜ್ಞಾನ ಇರುತ್ತದೆ, ಆದರೆ ಭಕ್ತಿ ಅಡ್ಡಬರುತ್ತದೆ, ಮತ್ತು ಇಬ್ಬರಿಗೂ ಗೊತ್ತಿರುವುದು ಮಾತಿಗೇ ಬರುವುದಿಲ್ಲ. ವಿಷಯವೇ ತಿಳಿಯದ ಹೊರಗಿನವರಿಗೆ ಮೇಲ್ಮೇಲಿನ ಉತ್ತರ ಸಿಗುತ್ತದೆ. ವಿಷಯ ಬಲ್ಲವರೊಬ್ಬರು, ಬಾರದವರೊಬ್ಬರು ಜೊತೆಯಾಗಿ ಹೋಗುವುದು ಒಳ್ಳೆಯ ಏರ್ಪಾಡು. ಮೂರನೆಯವರು ಬೇಡ, ಅಲ್ಲಿಗೆ ಅದು ಸಭೆಯಾಗುತ್ತದೆ.

ಒಪ್ಪಿಗೆ ಪತ್ರ

ಒಪ್ಪಿಗೆಯನ್ನು ಎರಡು ಹಂತದಲ್ಲಿ ಬರಹದಲ್ಲಿ ಪಡೆಯಬೇಕು: ಧ್ವನಿಮುದ್ರಣಕ್ಕೆ ಮೊದಲು ಒಮ್ಮೆ, ಬರಹಕ್ಕಿಳಿಸಿದ ಪಾಠವನ್ನು ಅವರು ಓದಿದ ಮೇಲೆ ಇನ್ನೊಮ್ಮೆ. ಪತ್ರ ಕನ್ನಡದಲ್ಲಿ, ಒಂದು ಪುಟದೊಳಗೆ ಇರಲಿ. ಹೇಳಿದ ಮಾತಿನ ಮೇಲಿನ ಹಕ್ಕು ಹೇಳಿದವರದು, ಧ್ವನಿಮುದ್ರಣದ ಹಕ್ಕು ಅದನ್ನು ಸಿದ್ಧಪಡಿಸಿದವರದು ಎಂಬ ಭೇದ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇರುವುದರಿಂದ, ಎರಡನ್ನೂ ಯಾವ ಬಳಕೆಗೆ ಬಿಡಲಾಗಿದೆ ಎಂದು ಸ್ಪಷ್ಟವಾಗಿ ಬರೆಯಬೇಕು. ಎಲ್ಲರಿಗೂ ಮುಕ್ತ, ಕೇಳಿದವರಿಗೆ ಅನುಮತಿಯ ಮೇಲೆ, ಇಂತಿಷ್ಟು ವರ್ಷ ಮುಚ್ಚಿಡತಕ್ಕದ್ದು ಎಂಬ ಮೂರು ಆಯ್ಕೆಗಳು ಸಾಕು. ಸಹೋದ್ಯೋಗಿಗಳ ಬಗ್ಗೆ ಕಟುವಾದ ಮಾತು ಬಂದಾಗ ಅಳಿಸಿಹಾಕುವುದಕ್ಕಿಂತ ಕೆಲವು ವರ್ಷ ಮುಚ್ಚಿಡುವ ಆಯ್ಕೆಯನ್ನು ಸೂಚಿಸಿ.

ವೈದ್ಯಕೀಯ ಸಂಶೋಧನೆಯ ಮಾತು ಬಂದರೆ ರೋಗಿಗಳ ಹೆಸರು, ಊರು ಹೇಳದಂತೆ ಮೊದಲೇ ವಿನಂತಿಸಬೇಕು; ಹೇಳಿಬಿಟ್ಟರೆ ಸಾರ್ವಜನಿಕ ಪ್ರತಿಯಲ್ಲಿ ಆ ಭಾಗವನ್ನು ಮೌನವಾಗಿಸಬೇಕು. ರಕ್ಷಣೆ, ಅಣುಶಕ್ತಿ ಸಂಸ್ಥೆಗಳಲ್ಲಿ ದುಡಿದು ಊರಿಗೆ ಮರಳಿದವರ ಮೇಲೆ 1923ರ ಅಧಿಕೃತ ರಹಸ್ಯ ಕಾಯ್ದೆಯ ಹೊಣೆ ನಿವೃತ್ತಿಯ ನಂತರವೂ ಇರುತ್ತದೆ. ಅವರು ಒಂದು ವಿಷಯದಲ್ಲಿ ಬೇಡ ಎಂದರೆ ಮತ್ತೆ ಕೆದಕಬಾರದು. ಅವರ ಶಾಲೆಯ ದಿನಗಳು, ಕಾಲೇಜು, ಪ್ರಯೋಗಾಲಯದ ದಿನಚರಿ ಇವೇ ಬೇಕಾದಷ್ಟಿವೆ.

ಸಲಕರಣೆ

ದುಬಾರಿ ಉಪಕರಣ ಬೇಕಾಗಿಲ್ಲ. ಕೈಯಲ್ಲಿ ಹಿಡಿಯುವ ಸಾಧಾರಣ ಡಿಜಿಟಲ್ ರೆಕಾರ್ಡರ್ ಒಂದು, ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ಒಂದು, ಹೆಚ್ಚಿನ ಸೆಲ್‌ಗಳು ಮತ್ತು ಮೆಮೊರಿ ಕಾರ್ಡು ಇದ್ದರೆ ಆಯಿತು. ಜೊತೆಗೆ ಮೊಬೈಲನ್ನು ಫ್ಲೈಟ್ ಮೋಡ್‌ನಲ್ಲಿಟ್ಟು ಎರಡನೆಯ ರೆಕಾರ್ಡರ್ ಆಗಿ ಬಳಸಿ. ಧ್ವನಿಯನ್ನು ಎಂಪಿ3 ಆಗಿ ಅಲ್ಲ, ವೇವ್ (WAV) ಕಡತವಾಗಿ, 48 ಕಿಲೊಹರ್ಟ್ಸ್, 24 ಬಿಟ್‌ನಲ್ಲಿ ದಾಖಲಿಸಬೇಕು. ಧ್ವನಿ ಸಂಗ್ರಹಾಲಯಗಳು ಒಪ್ಪುವ ಮಟ್ಟ ಇದು. ಒಂದೇ ಚಾನೆಲ್ಲಿನಲ್ಲಾದರೆ ಗಂಟೆಗೆ ಸುಮಾರು 520 ಎಂಬಿ ಜಾಗ ಹಿಡಿಯುತ್ತದೆ. ರೆಕಾರ್ಡರಿನ ಪರದೆಯಲ್ಲಿ ಕಾಣುವ ಧ್ವನಿಮಟ್ಟದ ತುದಿಗಳು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ಇರುವಂತೆ ಹೊಂದಿಸಿದರೆ, ಅವರು ನಕ್ಕಾಗ ಅಥವಾ ದನಿ ಎತ್ತಿದಾಗ ಧ್ವನಿ ಒಡೆಯುವುದಿಲ್ಲ.

ಸ್ಥಳ ಮತ್ತು ಹೊತ್ತಿನ ಆಯ್ಕೆ ಮೈಕಿಗಿಂತ ಮುಖ್ಯ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ ಎಂದು ಎಂಬತ್ತರ ಹಿರಿಯರಿಗೆ ಹೇಳುವುದು ಅಮಾನವೀಯ. ಬೆಳಿಗ್ಗೆ ಎಂಟರೊಳಗೆ ಕೂತರೆ ಫ್ಯಾನಿನ ಪ್ರಶ್ನೆಯೇ ಬರುವುದಿಲ್ಲ. ಬೆಳಗಾವಿಯ ಮಳೆಗಾಲದಲ್ಲಿ ತಗಡಿನ ಚಾವಣಿಯ ಮನೆಯಲ್ಲಿ ಧ್ವನಿಮುದ್ರಣ ಸಾಧ್ಯವಿಲ್ಲ ಎಂದೇ ತಿಳಿಯಿರಿ. ಪುಸ್ತಕದ ಕಪಾಟು, ಹಾಸಿಗೆ, ಪರದೆ ಇರುವ ಸಣ್ಣ ಕೋಣೆ, ಕಲ್ಲುಹಾಸಿನ ದೊಡ್ಡ ಪಡಸಾಲೆಗಿಂತ ಒಳ್ಳೆಯದು. ಚಹಾ ಬಂದಾಗ ರೆಕಾರ್ಡರ್ ನಿಲ್ಲಿಸಿ, ಚಹಾ ಕುಡಿದು, ಮತ್ತೆ ಆರಂಭಿಸಿ. ನಮ್ಮ ಕಡೆ ಚಹಾ ಬಾರದ ಸಂದರ್ಶನವೇ ಇಲ್ಲ, ಬೇಡವೆಂದರೆ ಬೇಸರ ಮಾಡಿಕೊಳ್ಳುತ್ತಾರೆ.

ವಿಡಿಯೊ ಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ: ಇಡೀ ಸಂದರ್ಶನಕ್ಕೆ ಬೇಡ, ಕೈಕೆಲಸ ತೋರಿಸುವಾಗ ಬೇಕು. ಕ್ಯಾಮೆರಾ ಎದುರಿಗಿದ್ದರೆ ಹೆಚ್ಚಿನವರು ಭಾಷಣಕ್ಕೆ ಇಳಿಯುತ್ತಾರೆ. ಆದರೆ ಜೋಳದ ತೆನೆಯಲ್ಲಿ ಗಂಡು ಭಾಗವನ್ನು ಚಿಮುಟದಿಂದ ತೆಗೆದು ಕೃತಕ ಪರಾಗಸ್ಪರ್ಶ ಮಾಡುವ ಬಗೆಯನ್ನು ತಳಿವಿಜ್ಞಾನಿ ಮಾತಿನಲ್ಲಿ ಹೇಳಿದರೆ ಸಾಲದು, ಬೆರಳು ಕಾಣಬೇಕು.

ಪ್ರಶ್ನೆ ಕೇಳುವುದು

ಧ್ವನಿಮುದ್ರಣದ ಆರಂಭದಲ್ಲಿ ದಿನಾಂಕ, ಸ್ಥಳ, ಅಲ್ಲಿರುವ ಎಲ್ಲರ ಹೆಸರು ಹೇಳಿ. ಯಾರೂ ಮಾತನಾಡದ ಅರ್ಧ ನಿಮಿಷದ ಕೋಣೆಯ ಸದ್ದನ್ನೂ ದಾಖಲಿಸಿಕೊಂಡರೆ ಮುಂದೆ ಧ್ವನಿ ಶುದ್ಧಗೊಳಿಸುವವರಿಗೆ ಅನುಕೂಲ. ಒಂದು ಬಾರಿಗೆ ಒಂದೂವರೆ ಗಂಟೆ, ಹೆಚ್ಚೆಂದರೆ ಎರಡು ಗಂಟೆ. ಅದಕ್ಕಿಂತ ಮುಂದೆ ಹಿರಿಯರು ದಣಿಯುತ್ತಾರೆ, ಉತ್ತರಗಳು ಗಿಡ್ಡವಾಗುತ್ತವೆ. ಒಬ್ಬರೊಡನೆ ಹಲವು ಬಾರಿ ಕೂರಬೇಕಾಗುತ್ತದೆ. ಬ್ರಿಟಿಷ್ ಲೈಬ್ರರಿಯ ಜೀವನಕಥನ ಮಾದರಿಯಲ್ಲಿ ಒಬ್ಬೊಬ್ಬರ ಮಾತು ಹತ್ತು ಗಂಟೆಗೂ ಮೀರಿ ಹೋಗುವುದು ಸಾಮಾನ್ಯ. ಎರಡು ಬೈಠಕ್ಕುಗಳ ನಡುವೆ ಕೆಲವು ದಿನ ಬಿಟ್ಟರೆ ಅವರಿಗೆ ಮರೆತದ್ದು ನೆನಪಾಗುತ್ತದೆ, ನಿಮಗೆ ಹಿಂದಿನದನ್ನು ಕೇಳಿಸಿಕೊಂಡು ಬಿಟ್ಟುಹೋದದ್ದನ್ನು ಗುರುತಿಸಲು ಸಮಯ ಸಿಗುತ್ತದೆ.

ಮನೆ, ಊರು, ಶಾಲೆಯಿಂದ ಆರಂಭಿಸುವುದು ಸುರಕ್ಷಿತ. ಕನ್ನಡ ಶಾಲೆಯಲ್ಲೋ ಮರಾಠಿ ಶಾಲೆಯಲ್ಲೋ ಕಲಿತು ಕಾಲೇಜಿಗೆ ಹೋದಾಗ ಇಂಗ್ಲಿಷಿನ ವಿಜ್ಞಾನ ಪುಸ್ತಕವನ್ನು ಹೇಗೆ ಎದುರಿಸಿದರು ಎಂಬುದು ನಮ್ಮ ಭಾಗದ ಬಹುತೇಕ ಹಿರಿಯ ವಿಜ್ಞಾನಿಗಳ ಕಥೆಯಲ್ಲಿ ಬರುತ್ತದೆ, ಮತ್ತು ಅದು ಬೇರೆ ಯಾವ ದಾಖಲೆಯಲ್ಲೂ ಸಿಗದು. ಆ ಮೇಲೆ ಕೆಲಸಕ್ಕೆ ಬನ್ನಿ. ಇಲ್ಲಿ ಪ್ರಶ್ನೆ ಚಿಕ್ಕದಿರಬೇಕು, ಒಂದು ಸಲಕ್ಕೆ ಒಂದೇ ಇರಬೇಕು, ಹೌದು ಅಲ್ಲ ಎಂದು ಮುಗಿಸಲು ಬಾರದಂತಿರಬೇಕು. "ನಿಮ್ಮ ಸಂಶೋಧನೆಯಿಂದ ರೈತರಿಗೆ ಬಹಳ ಉಪಯೋಗವಾಯಿತಲ್ಲವೇ?" ಎಂಬುದು ಪ್ರಶ್ನೆಯಲ್ಲ, ಹಾರ ಹಾಕುವುದು. ಬದಲಿಗೆ ಹೀಗೆ ಕೇಳಬಹುದು: "ಸರ, ಆ ವರ್ಷ ಮಳಿ ಕೈಕೊಟ್ಟಾಗ ಪ್ಲಾಟಿನೊಳಗ ಏನೇನ್ ಉಳೀತ್ರಿ? ಅದನ್ನ ಮೊದ್ಲ ಯಾರಿಗೆ ತೋರ್ಸಿದ್ರಿ?" ನರ್ಸ್‌ ಆಗಿದ್ದವರನ್ನು ಕೇಳುವಾಗ: "ಅಕ್ಕಾರ, ಒಂದಿನ ಮುಂಜಾನೆಯಿಂದ ರಾತ್ರಿ ತನಕಾ ಏನೇನ್ ಕೆಲಸ ಇರ್ತಿತ್ತು, ಒಂದೊಂದಾಗಿ ಹೇಳ್ರಿ." ಅವರು ಮನೆಯಲ್ಲಿ ಆಡುವ ಮಾತಿನಲ್ಲೇ ನೀವೂ ಕೇಳಿದರೆ ಅವರ ಕನ್ನಡ ಸಡಿಲಗೊಳ್ಳುತ್ತದೆ. ನಡುವೆ ಇಂಗ್ಲಿಷ್, ಮರಾಠಿ, ಉರ್ದು ಬಂದರೆ ಬರಲಿ.

ಉಪಕರಣಗಳ ಬಗ್ಗೆ ಕೇಳುವುದನ್ನು ಮರೆಯಬೇಡಿ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಅಂಕಿಅಂಶಗಳನ್ನು ಹೇಗೆ ಲೆಕ್ಕ ಹಾಕಿದರು, ಮಣ್ಣಿನ ತೇವವನ್ನು ಅಳೆಯಲು ಮಾದರಿಯನ್ನು ಎಲ್ಲಿ ಒಣಗಿಸಿದರು, ಕರೆಂಟ್ ಹೋದಾಗ ಫ್ರಿಜ್ಜಿನಲ್ಲಿದ್ದುದನ್ನು ಏನು ಮಾಡಿದರು, ಕೆಟ್ಟ ಯಂತ್ರವನ್ನು ಊರಿನ ಯಾವ ಗ್ಯಾರೇಜಿನವರು ರಿಪೇರಿ ಮಾಡಿಕೊಟ್ಟರು ಎಂಬಂತಹ ಪ್ರಶ್ನೆಗಳಿಗೆ ಜನ ಸಂತೋಷದಿಂದ ಉತ್ತರಿಸುತ್ತಾರೆ, ಮತ್ತು ವಿಜ್ಞಾನ ನಿಜವಾಗಿ ಹೇಗೆ ನಡೆಯಿತು ಎಂಬುದು ಅಲ್ಲೇ ಹೊರಬೀಳುತ್ತದೆ. ವಿಫಲವಾದ ಪ್ರಯೋಗಗಳನ್ನು ನೇರವಾಗಿ ಕೇಳಿದರೆ ಕೆಲವರು ಹಿಂಜರಿಯುತ್ತಾರೆ. "ಪ್ರಕಟ ಮಾಡದೇ ಬಿಟ್ಟ ಕೆಲಸ ಯಾವುದಾದರೂ ಇದೆಯೇ?" ಎಂದರೆ ಅದೇ ವಿಷಯ ತಾನಾಗಿ ಬರುತ್ತದೆ.

ಉತ್ತರ ಮುಗಿದಂತೆ ಕಂಡ ಮೇಲೆ ಕೂಡಲೇ ಮುಂದಿನ ಪ್ರಶ್ನೆಗೆ ಹಾರಬಾರದು. ಸ್ವಲ್ಪ ಸುಮ್ಮನಿದ್ದರೆ ಅವರೇ ಮುಂದುವರಿಸುತ್ತಾರೆ, ಮತ್ತು ಆಗ ಬರುವುದು ಮೊದಲು ಬಂದದ್ದಕ್ಕಿಂತ ಒಳ್ಳೆಯದಾಗಿರುತ್ತದೆ. ಮಾತಿನ ನಡುವೆ "ಹೌದ್ರಿ, ಹೌದ್ರಿ" ಎನ್ನುತ್ತಿರುವುದು ನಮ್ಮ ಮರ್ಯಾದೆಯ ಅಭ್ಯಾಸ. ಮೈಕಿನ ಮುಂದೆ ಅದು ಅವರ ಮಾತಿನ ಮೇಲೇ ಬಿದ್ದು ಬರಹಕ್ಕಿಳಿಸುವವರ ತಲೆನೋವಾಗುತ್ತದೆ. ತಲೆಯಾಡಿಸಿದರೆ ಸಾಕು.

ನೆನಪು ತಪ್ಪುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡು ಹೋಗಬೇಕು. ಕೂನ್ ತಂಡದವರಿಗೂ ಇದೇ ಅನುಭವವಾಯಿತು: ಜಗತ್ತನ್ನೇ ಬದಲಿಸಿದ ಲೆಕ್ಕಾಚಾರ ಮಾಡಿದವರಿಗೆ ಅದನ್ನು ಮಾಡಿದ ಕ್ರಮ, ಯಾವುದು ಮೊದಲು ಯಾವುದು ನಂತರ ಎಂಬುದು ಮಸುಕಾಗಿತ್ತು, ಮತ್ತು ಹಳೆಯ ಪತ್ರವೊಂದನ್ನು ಕೈಗಿಟ್ಟಾಗ ನೆನಪು ಚುರುಕಾಗುತ್ತಿತ್ತು. ಆದ್ದರಿಂದ ಇಸವಿಯ ಬಗ್ಗೆ ವಾದಕ್ಕಿಳಿಯದೆ, "ಈ ವರದಿಯಲ್ಲಿ ಹೀಗಿದೆ, ನೋಡಿ ಹೇಳಿ" ಎಂದು ಕಾಗದವನ್ನೇ ಮುಂದಿಡಿ. ಕಾಗದವಿಲ್ಲದಿದ್ದರೆ ಊರಿನ ಘಟನೆಗಳ ಆಸರೆ ಪಡೆಯಿರಿ. 1972ರ ಬರಕ್ಕೆ ಮೊದಲೋ ನಂತರವೋ, ಹಳೆಯ ಬಾಗಲಕೋಟೆಯಿಂದ ನವನಗರಕ್ಕೆ ಬರುವ ಮೊದಲೋ, ಮಗಳ ಮದುವೆಯ ಮುಂಚೆಯೋ ಎಂದು ಕೇಳಿದರೆ ಇಸವಿ ಹತ್ತಿರಕ್ಕೆ ಬರುತ್ತದೆ. ಹಾಗೆಂದು ತಪ್ಪಿದ ನೆನಪು ನಿರುಪಯುಕ್ತವೆಂದು ತಿಳಿಯಬಾರದು. ಒಂದು ತಳಿ ಬಿಡುಗಡೆಯಾದ ವರ್ಷವನ್ನು ವರದಿ ಹೇಳುತ್ತದೆ. ಅದು ತನ್ನಿಂದಾಯಿತೆಂದು ಮೂವರು ನಂಬಿದ್ದಾರೆ ಎಂಬುದನ್ನು ಸಂದರ್ಶನಗಳಷ್ಟೇ ಹೇಳಬಲ್ಲವು.

ಮೊದಲ ಸಂದರ್ಶನಕ್ಕೆ ಹೋಗುವ ಮುನ್ನ ಒಳ್ಳೆಯ ಮಾದರಿಯೊಂದನ್ನು ಓದಬೇಕೆಂದರೆ, ವಿಜ್ಞಾನದ ಇತಿಹಾಸಕಾರ ಸ್ಪೆನ್ಸರ್ ವಿಯರ್ಟ್ ಅವರು 1977ರಲ್ಲಿ ಖಭೌತವಿಜ್ಞಾನಿ ಎಸ್. ಚಂದ್ರಶೇಖರ್ ಅವರನ್ನು ಮಾತನಾಡಿಸಿದ ಸಂದರ್ಶನದ ಪೂರ್ಣಪಾಠ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್‌ನ ಜಾಲತಾಣದಲ್ಲಿದೆ. ಬ್ರಿಟನ್ನಿನ ಖಗೋಳವಿಜ್ಞಾನಿ ಎಡಿಂಗ್ಟನ್ ಜೊತೆಗಿನ ಭಿನ್ನಾಭಿಪ್ರಾಯದಂತಹ ನೋವಿನ ವಿಷಯವನ್ನು ಸಂದರ್ಶಕ ಹೇಗೆ ಹತ್ತಿರ ತರುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂಬುದನ್ನು ಗಮನಿಸಿ.

ಕುಟುಂಬದವರ ವಿಷಯ. ಪತ್ನಿಯೋ ಮಗನೋ ಪಕ್ಕದಲ್ಲಿ ಕೂತು ತಿದ್ದತೊಡಗಿದರೆ ಮಾತು ಹದಗೆಡುತ್ತದೆ. ಆದರೆ ಆ ಪತ್ನಿಗೆ ತನ್ನದೇ ಕಥೆಯಿದೆ: ವರ್ಗಾವಣೆಗಳು, ಹೊಲದಲ್ಲೇ ಕಳೆದ ರಾತ್ರಿಗಳು, ಮನೆಯ ಅಡುಗೆಕೋಣೆಯಲ್ಲಿ ಒಣಗುತ್ತಿದ್ದ ಬೀಜದ ಮಾದರಿಗಳು. ಅವರಿಗೆ ಬೇರೆ ದಿನ, ಬೇರೆ ಬೈಠಕ್ಕು ಕೊಡಿ, ಅದನ್ನೂ ಅಷ್ಟೇ ಗೌರವದಿಂದ ಸಂಗ್ರಹದಲ್ಲಿ ಸೇರಿಸಿ.

ಬರಹಕ್ಕಿಳಿಸುವುದು, ಕಾಪಾಡುವುದು

ಮನೆಗೆ ಬಂದ ದಿನವೇ ಮೆಮೊರಿ ಕಾರ್ಡಿನಿಂದ ಎರಡು ಹಾರ್ಡ್ ಡಿಸ್ಕುಗಳಿಗೆ ನಕಲು ಮಾಡಿ, ಕೇಳಿ ನೋಡಿ, ಆ ಮೇಲಷ್ಟೇ ಕಾರ್ಡನ್ನು ಖಾಲಿ ಮಾಡಬೇಕು. ಮೂರನೆಯ ಪ್ರತಿ ಬೇರೆ ಊರಿನಲ್ಲಿರಲಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಎಷ್ಟು ಮನೆಗಳಿಗೆ ನೀರು ನುಗ್ಗಿತೆಂಬುದನ್ನು ಕಂಡವರಿಗೆ ಇದಕ್ಕೆ ಕಾರಣ ಹೇಳಬೇಕಾಗಿಲ್ಲ. ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ವ್ಯಕ್ತಿಯ ಹೆಸರು, ಬೈಠಕ್ಕಿನ ಸಂಖ್ಯೆ ಒಂದೇ ಕ್ರಮದಲ್ಲಿರಬೇಕು. ಮೂಲ ಕಡತವನ್ನು ಎಂದೂ ತಿದ್ದಬಾರದು. ಕತ್ತರಿಸುವುದು, ಸದ್ದು ತೆಗೆಯುವುದು ಎಲ್ಲವೂ ನಕಲಿನ ಮೇಲೆ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ, ಇಲ್ಲವಾದರೆ ಗುಣಮಟ್ಟ ಕುಗ್ಗುತ್ತದೆ. ಯೂಟ್ಯೂಬಿನಲ್ಲಿ ಹಾಕುವುದು ಪ್ರಚಾರಕ್ಕೆ ಸರಿ, ಸಂಗ್ರಹವೆಂದು ಅದನ್ನು ನಂಬಿ ಕೂರುವಂತಿಲ್ಲ.

ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಐದಾರು ಗಂಟೆ, ಪಾರಿಭಾಷಿಕ ಪದಗಳು ಹೆಚ್ಚಿದ್ದರೆ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಯಂತ್ರದಿಂದ ಬರಹಕ್ಕಿಳಿಸುವ ತಂತ್ರಾಂಶಗಳನ್ನು ಕರಡಿಗೆ ಬಳಸಬಹುದು, ಆದರೆ ಉತ್ತರ ಕರ್ನಾಟಕದ ಆಡುಮಾತಿಗೆ ಇಂಗ್ಲಿಷ್ ತಾಂತ್ರಿಕ ಪದ ಸೇರಿದಾಗ ಅವು ತಡವರಿಸುತ್ತವೆ. ಧ್ವನಿಯನ್ನು ಕೇಳುತ್ತ ಒಬ್ಬರು ಸಾಲುಸಾಲಾಗಿ ತಿದ್ದಲೇಬೇಕು. "ಮಾಡೀವ್ರಿ" ಎಂದಿದ್ದನ್ನು "ಮಾಡಿದ್ದೇವೆ" ಎಂದು ತಿದ್ದುವ ಹಕ್ಕು ನಮಗಿಲ್ಲ. ತಡವರಿಕೆ, ಪುನರುಕ್ತಿಯನ್ನು ಓದುವ ಪ್ರತಿಯಲ್ಲಿ ಸ್ವಲ್ಪ ಸವರಬಹುದು, ಪ್ರತಿ ಕೆಲವು ನಿಮಿಷಕ್ಕೊಮ್ಮೆ ಸಮಯ ನಮೂದಿಸಿದರೆ ಅನುಮಾನ ಬಂದವರು ಧ್ವನಿಗೇ ಹೋಗಿ ಕೇಳಬಹುದು. ಪಾಠವನ್ನು ವಿಜ್ಞಾನಿಗೆ ಕೊಟ್ಟಾಗ ಅವರು ಅದನ್ನು ಪ್ರಬಂಧದ ಭಾಷೆಗೆ ತಿರುಗಿಸಿ ಬರೆಯಲು ಹೊರಡುತ್ತಾರೆ. ಹೆಸರು, ಇಸವಿ, ತಾಂತ್ರಿಕ ಪದಗಳನ್ನು ತಿದ್ದಿಸಿಕೊಂಡು, ಹೊಸದಾಗಿ ಹೇಳಬೇಕೆನಿಸಿದ್ದನ್ನು ಅಡಿಟಿಪ್ಪಣಿಯಾಗಿ ಬರೆದುಕೊಡುವಂತೆ ನಯವಾಗಿ ಕೇಳಿಕೊಳ್ಳಿ.

ಪ್ರತಿ ಸಂದರ್ಶನಕ್ಕೂ ಒಂದು ವಿವರಪತ್ರ ಬೇಕು: ಯಾರು, ಯಾವಾಗ, ಎಲ್ಲಿ, ಎಷ್ಟು ಹೊತ್ತು, ಯಾವ ವಿಷಯಗಳು, ಯಾವ ಊರು, ಬೆಳೆ, ಉಪಕರಣ, ವ್ಯಕ್ತಿಗಳ ಉಲ್ಲೇಖ, ಒಪ್ಪಿಗೆಯ ಸ್ವರೂಪ. ಇದರಲ್ಲಿ ಊರಿನ ಹಳೆಯ, ಹೊಸ ಹೆಸರುಗಳೆರಡನ್ನೂ ಬರೆಯಿರಿ. ಬಿಜಾಪುರ 2014ರ ನವೆಂಬರ್ 1ರಿಂದ ವಿಜಯಪುರವಾಗಿದೆ, ಬೆಳಗಾಂ ಬೆಳಗಾವಿಯಾಗಿದೆ. ಒಂದೇ ಹೆಸರು ಬರೆದರೆ ಹುಡುಕುವವರಿಗೆ ಅರ್ಧ ಸಂಗ್ರಹ ಸಿಗುವುದೇ ಇಲ್ಲ.

ಕೊನೆಯದಾಗಿ ಒಪ್ಪಿಸುವ ಕೆಲಸ. ನಿಮ್ಮ ಮನೆಯ ಕಪಾಟಿನಲ್ಲಿ ಉಳಿದ ಹಾರ್ಡ್ ಡಿಸ್ಕು ಕೆಲವು ವರ್ಷಗಳಲ್ಲಿ ತೆರೆಯದಂತಾಗಬಹುದು. ಸಂಬಂಧಪಟ್ಟ ವಿಶ್ವವಿದ್ಯಾಲಯದ ಗ್ರಂಥಾಲಯ, ವೈದ್ಯಕೀಯ ಕಾಲೇಜಿನ ಗ್ರಂಥಾಲಯ, ಬೆಂಗಳೂರಿನ ಎನ್‌ಸಿಬಿಎಸ್ ದಾಖಲಾಗಾರದಂತಹ ಸಂಸ್ಥೆ ಇವುಗಳಲ್ಲಿ ಯಾರು ಸ್ವೀಕರಿಸುತ್ತಾರೆಂದು ಸಂದರ್ಶನ ಆರಂಭಿಸುವ ಮೊದಲೇ ಪತ್ರ ಬರೆದು ವಿಚಾರಿಸಬೇಕು. ಅವರಿಗೆ ಯಾವ ಕಡತ ಮಾದರಿ, ಯಾವ ಒಪ್ಪಿಗೆ ಪತ್ರ ಬೇಕೆಂಬುದು ಆಗಲೇ ತಿಳಿಯುತ್ತದೆ. ಮುಕ್ತ ಬಳಕೆಗೆ ಒಪ್ಪಿದವರ ಸಂದರ್ಶನವನ್ನು ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಸಂಗ್ರಹತಾಣದಲ್ಲೂ ಇಡಬಹುದು. ಒಪ್ಪಿಸಿದಾಗ ಸ್ವೀಕೃತಿ ಪತ್ರವನ್ನು ಕೇಳಿ ಪಡೆಯಿರಿ, ಅದರಲ್ಲಿ ಸಂಗ್ರಹದ ಕ್ರಮಸಂಖ್ಯೆ ಇರಲಿ. ಮಾತನಾಡಿದವರ ಮನೆಗೆ ಪೆನ್ ಡ್ರೈವಿನಲ್ಲಿ ಒಂದು ಪ್ರತಿ, ಬೈಂಡ್ ಮಾಡಿಸಿದ ಪಾಠದ ಒಂದು ಪ್ರತಿ ಮತ್ತು ಆ ಸ್ವೀಕೃತಿ ಪತ್ರದ ನಕಲನ್ನು ಖುದ್ದಾಗಿ ತಲುಪಿಸಿ. ಹಾಗೆ ಹೋದಾಗ ಅವರ ಹಳೆಯ ಸಹೋದ್ಯೋಗಿಗಳಲ್ಲಿ ಇನ್ನು ಯಾರನ್ನು ಕಾಣಬೇಕೆಂದು ಕೇಳಿ, ಫೋನ್ ನಂಬರು ಬರೆದುಕೊಂಡು ಬನ್ನಿ.